ಹಾಲುಹಲ್ಲು ಹೇಳಿದ ಸೀಸದ ಕಥೆ

ಬಿದ್ದ ಹಾಲುಹಲ್ಲನ್ನು ಹೆಂಚಿನ ಮೇಲೆ ಎಸೆದು, ಹೊಸ ಹಲ್ಲು ಬೇಗ ಬರಲೆಂದು ಹಾರೈಸುವುದು ನಮ್ಮ ಮಕ್ಕಳ ರೂಢಿ. 1970ರ ದಶಕದಲ್ಲಿ ಅಮೆರಿಕದ ಮಕ್ಕಳ ತಜ್ಞ ಡಾ. ಹರ್ಬರ್ಟ್ ನೀಡಲ್‌ಮನ್ ಇಂಥ ಹಲ್ಲುಗಳನ್ನು ಬಾಸ್ಟನ್ ಬಳಿಯ ಎರಡು ಊರುಗಳ ಶಾಲಾ ಮಕ್ಕಳಿಂದ ಸಂಗ್ರಹಿಸಿ ಪರೀಕ್ಷಿಸಿದರು. ಅವರು ಹುಡುಕುತ್ತಿದ್ದುದು ಸೀಸವನ್ನು.

ಫಲಿತಾಂಶ 1979ರಲ್ಲಿ ಪ್ರಕಟವಾಯಿತು. ಆ ಮಕ್ಕಳಲ್ಲಿ ಸೀಸದ ನಂಜಿನ ಹೊರಲಕ್ಷಣಗಳೇನೂ ಇರಲಿಲ್ಲ. ಆದರೂ ಹಲ್ಲಿನಲ್ಲಿ ಸೀಸ ಹೆಚ್ಚಿದ್ದವರು ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಪಾಠದ ಕಡೆ ಗಮನವಿಲ್ಲ, ಹೇಳಿದ್ದನ್ನು ಪಾಲಿಸುವುದಿಲ್ಲ ಎಂಬ ಶಿಕ್ಷಕರ ದೂರೂ ಇವರ ಬಗ್ಗೆಯೇ ಹೆಚ್ಚು. ಯಾರ ಹಲ್ಲಿನಲ್ಲಿ ಎಷ್ಟು ಸೀಸವಿದೆಯೆಂದು ಆ ಶಿಕ್ಷಕರಿಗೆ ತಿಳಿದಿರಲಿಲ್ಲ ಎಂಬುದು ಗಮನಾರ್ಹ. ಅದೇ ಮಕ್ಕಳನ್ನು 11 ವರ್ಷಗಳ ನಂತರ ಮತ್ತೆ ಪರೀಕ್ಷಿಸಿದಾಗ, ಸೀಸ ಅತಿ ಹೆಚ್ಚಿದ್ದವರಲ್ಲಿ ಪ್ರೌಢಶಾಲೆಯನ್ನು ಅರ್ಧಕ್ಕೇ ಬಿಡುವ ಸಂಭವ ಸುಮಾರು ಏಳು ಪಟ್ಟು ಅಧಿಕವಾಗಿತ್ತು. ‘ದಡ್ಡ’ ಎಂಬ ಹಣೆಪಟ್ಟಿ ಹೊತ್ತ ಎಷ್ಟೋ ಮಕ್ಕಳ ನಿಜವಾದ ಶತ್ರು ಯಾರೆಂಬುದು ಆಗ ಬೆಳಕಿಗೆ ಬಂತು.

ಕ್ಯಾಲ್ಸಿಯಂ ವೇಷ

ಸೀಸ ದೇಹದಲ್ಲಿ ಮಾಡುವುದಾದರೂ ಏನು? ಕ್ಯಾಲ್ಸಿಯಂನಂತೆ ಸೀಸದ ಅಯಾನಿಗೂ ಎರಡು ಧನ ವಿದ್ಯುದಂಶಗಳಿವೆ. ಹೀಗಾಗಿ ದೇಹ ಅದನ್ನು ಕ್ಯಾಲ್ಸಿಯಂ ಎಂದೇ ಭಾವಿಸಿ ಒಳಗೆ ಬಿಟ್ಟುಕೊಳ್ಳುತ್ತದೆ. ಮೆದುಳಿನ ನರಕೋಶಗಳ ನಡುವಿನ ಸಂದೇಶ ರವಾನೆಗೆ ಅದು ಅಡ್ಡಿಪಡಿಸುತ್ತದೆ. ಹಿಮೋಗ್ಲೋಬಿನ್ ತಯಾರಿಕೆಗೂ ತಡೆಯೊಡ್ಡುತ್ತದೆ. ರಕ್ತದಲ್ಲಿನ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಸಾಕು. ಮೂಳೆ ಸೇರಿದ ಸೀಸ ಮಾತ್ರ ಹತ್ತಾರು ವರ್ಷ ಅಲ್ಲೇ ತಳವೂರುತ್ತದೆ. ಬಾಲ್ಯದಲ್ಲಿ ಹುಡುಗಿಯ ಮೂಳೆ ಸೇರಿದ ಸೀಸ, ಮುಂದೆ ಆಕೆ ಗರ್ಭಿಣಿಯಾದಾಗ ಕರಗಿ ಮಗುವನ್ನೂ ತಲುಪಬಲ್ಲದು. ದೊಡ್ಡವರಲ್ಲಿ ರಕ್ತದೊತ್ತಡ, ಮೂತ್ರಪಿಂಡದ ತೊಂದರೆಗಳಿಗೂ ಸೀಸ ಕಾರಣ. ಹನಿಗೂಡಿದರೆ ಹಳ್ಳ ಎಂಬ ಮಾತು ಇಂಥ ವಿಷಕ್ಕೂ ಅನ್ವಯಿಸುತ್ತದೆ.

ದೊಡ್ಡವರಿಗೆ ಹೋಲಿಸಿದರೆ ಎಳೆಯ ಮಕ್ಕಳ ದೇಹ ನುಂಗಿದ ಸೀಸವನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಇಷ್ಟು ಸೀಸವಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಂಜು ಹೆಚ್ಚಾದಾಗ ರಕ್ತದಿಂದ ಸೀಸವನ್ನು ಹೊರಹಾಕುವ ಔಷಧಗಳಿವೆ. ಕಳೆದುಹೋದ ಬುದ್ಧಿಶಕ್ತಿಯನ್ನು ಅವು ಮರಳಿ ಕೊಡಲಾರವು.

ಬರುವುದೆಲ್ಲಿಂದ?

ಭಾರತದಲ್ಲಿ ಸೀಸಯುಕ್ತ ಪೆಟ್ರೋಲ್ 2000ದಲ್ಲಿ ನಿಂತಿತು. ಅಲ್ಜೀರಿಯ 2021ರಲ್ಲಿ ಅದನ್ನು ಕೈಬಿಟ್ಟಾಗ ಜಗತ್ತಿನ ಯಾವ ದೇಶದಲ್ಲೂ ಕಾರುಗಳಿಗೆ ಅದು ಉಳಿಯಲಿಲ್ಲ. ನಮ್ಮಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ 2017ರಿಂದ ಜಾರಿಯಲ್ಲಿದೆ. ಆದರೆ ಹಳೆಯ ಗೋಡೆ, ಕಿಟಕಿಗಳಿಂದ ಉದುರುವ ಬಣ್ಣದ ಚಕ್ಕೆ, ಹಳೆಯ ಬ್ಯಾಟರಿ ಒಡೆದು ಕರಗಿಸುವ ಜಾಗದ ಧೂಳು, ಸೀಸ ಬೆರೆತ ಕಲಾಯಿ, ಕೆಲವು ಬಗೆಯ ಸುರ್ಮಾ, ಬಣ್ಣಕ್ಕಾಗಿ ಸೀಸದ ಕ್ರೋಮೇಟ್ ಬೆರೆಸಿದ ಅರಿಶಿನದ ಪುಡಿ ಇವೆಲ್ಲ ಇಂದಿಗೂ ಸೀಸದ ಮೂಲಗಳೇ. ಪೆನ್ಸಿಲ್‌ಗೆ ‘ಸೀಸದ ಕಡ್ಡಿ’ ಎಂಬ ಹೆಸರಿದ್ದರೂ ಅದರೊಳಗೆ ಬರೆಯುವ ಕಡ್ಡಿ ಗ್ರಾಫೈಟ್, ಅದಕ್ಕೆ ಹೆದರಬೇಕಾಗಿಲ್ಲ.

ಪೋಷಕರು ಕೆಲವು ಸರಳ ಕ್ರಮಗಳನ್ನು ಅನುಸರಿಸಬಹುದು. ಊಟಕ್ಕೆ ಮುನ್ನ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಕೆರೆಯದೆ ಒದ್ದೆಮಾಡಿ ತೆಗೆಸಿ. ಆ ಹೊತ್ತಿನಲ್ಲಿ ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿಡಿ. ಅರಿಶಿನದ ಕೊಂಬು ತಂದು ಪುಡಿ ಮಾಡಿಸಿಕೊಳ್ಳುವುದು ಒಳ್ಳೆಯದು. ಕೊಂಬೂ ಕಣ್ಣು ಕುಕ್ಕುವ ಹಳದಿಯಾಗಿದ್ದರೆ ಬೇಡ. ಬ್ಯಾಟರಿ ಕೆಲಸದವರು ಸ್ನಾನಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಮಗುವನ್ನು ಎತ್ತಿಕೊಳ್ಳಲಿ. ಹಸಿದ ಹೊಟ್ಟೆಯಲ್ಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕೊರತೆಯಿರುವ ದೇಹದಲ್ಲಿ ಸೀಸ ಹೆಚ್ಚು ಇಳಿಯುತ್ತದೆ. ಆದ್ದರಿಂದ ರಾಗಿ, ಹಾಲು, ಸೊಪ್ಪು, ಕಾಳುಗಳ ಹೊತ್ತುಹೊತ್ತಿನ ಊಟವೂ ರಕ್ಷಣೆಯೇ. ಸಂಶಯವಿದ್ದರೆ ವೈದ್ಯರ ಸಲಹೆ ಪಡೆದು ರಕ್ತ ಪರೀಕ್ಷೆ ಮಾಡಿಸಬಹುದು.

ಅಂಕ ಕಡಿಮೆ ಬರಲು ಕಾರಣಗಳು ಹಲವು; ಎಲ್ಲಕ್ಕೂ ಸೀಸವೇ ಹೊಣೆಯಲ್ಲ. ಆದರೆ ಚೆನ್ನಾಗಿ ಆಡಿಕೊಂಡಿರುವ ಮಗುವಿನಲ್ಲೂ ಅದು ಅಡಗಿರಬಲ್ಲದು. ಲಕ್ಷಣ ಕಾಣುವವರೆಗೆ ಕಾಯದೆ ಮೂಲವನ್ನೇ ಮನೆಯಿಂದ ದೂರವಿಡುವುದು ಜಾಣತನ.