ಬೇಡವಾದ ಡೆಸ್ಕ್‌ಟಾಪ್ ಸುಲಭಕ್ಕೆ ಬಿಟ್ಟು ಹೋಗದು

ವಿಂಡೋಸ್ ರೂಢಿಯಾದವರಿಗೆ ಪರದೆಯ ಮೇಲೆ ಕಾಣುವುದೇ ಆಪರೇಟಿಂಗ್ ಸಿಸ್ಟಂ. ಲಿನಕ್ಸ್‌ನಲ್ಲಿ ಹಾಗಲ್ಲ. ಅಲ್ಲಿ ಮೆನು, ಕಿಟಕಿ, ಐಕಾನುಗಳ ಇಡೀ ಸಂಸಾರವೇ ಬೇರೆ. ಅದೇ ಡೆಸ್ಕ್‌ಟಾಪ್ ಎನ್ವಿರಾನ್ಮೆಂಟ್. ಅಂಥವುಗಳಲ್ಲಿ ಕೆಡಿಇ 1996ರಲ್ಲಿ ಶುರುವಾಯಿತು, ಗ್ನೋಮ್ ಅದರ ಮರುವರ್ಷ. ಒಂದೇ ಯಂತ್ರದಲ್ಲಿ ಎರಡನ್ನೂ ಇಟ್ಟುಕೊಳ್ಳಬಹುದು. ಹಾಕುವುದಕ್ಕೆ ಒಂದೇ ಆದೇಶ ಸಾಕು. ಫಜೀತಿ ಇರುವುದು ತೆಗೆಯುವಾಗ.

ಲಿನಕ್ಸ್‌ನ ಒಂದು ರೂಪವಾದ ಉಬುಂಟುವಿನಲ್ಲಿ ಗ್ನೋಮ್ ಇದ್ದೂ ಕೆಡಿಇ ನೋಡುವ ಆಸೆಯಿಂದ ‘ಕುಬುಂಟು-ಡೆಸ್ಕ್‌ಟಾಪ್’ ಹಾಕಿಕೊಂಡಿರಿ ಎನ್ನಿ. ಇದು ಮೆಟಾಪ್ಯಾಕೇಜ್. ಅದರೊಳಗೆ ಸರಕೇನೂ ಇಲ್ಲ, ಬೇಕಾದ ಪ್ಯಾಕೇಜುಗಳ, ಅಂದರೆ ತಂತ್ರಾಂಶದ ಕಟ್ಟುಗಳ, ಹೆಸರಷ್ಟೇ ಇದೆ. ದಿನಸಿ ಚೀಟಿ ಹರಿದು ಹಾಕಿದರೆ ಡಬ್ಬಿಯಲ್ಲಿರುವ ಬೇಳೆ ಖಾಲಿಯಾಗುತ್ತದೆಯೇ? ಪ್ಯಾಕೇಜುಗಳನ್ನು ಹಾಕುವ, ತೆಗೆಯುವ ಸಾಧನವಾದ ಆಪ್ಟ್‌ಗೆ ‘ಆಪ್ಟ್ ರಿಮೂವ್’ ಎಂದು ಆ ಹೆಸರನ್ನು ಕೊಟ್ಟರೆ ಆಗುವುದೂ ಅಷ್ಟೇ. ಬೇಡವಾಗಿ ಉಳಿದ ಪ್ಯಾಕೇಜುಗಳನ್ನು ತೆಗೆಯುವ ‘ಆಟೊರಿಮೂವ್’ ಆದೇಶ ಕೂಡ ಎಲ್ಲವನ್ನೂ ಗುಡಿಸುವುದಿಲ್ಲ. ಮೆಟಾಪ್ಯಾಕೇಜ್ ಹೋದಾಕ್ಷಣ ಇಡೀ ಡೆಸ್ಕ್‌ಟಾಪ್ ಮಾಯವಾಗದಿರಲೆಂದು ಆಪ್ಟ್‌ನಲ್ಲೇ ತಡೆ ಇಟ್ಟಿದ್ದಾರೆ.

ಡೆಸ್ಕ್‌ಟಾಪ್ ಮಾಯವಾದರೆ ಏನಾಗುತ್ತದೆಂದು 2021ರಲ್ಲಿ ಜಗತ್ತೇ ನೋಡಿತು. ಯೂಟ್ಯೂಬಿನ ಲೈನಸ್ ಸೆಬಾಸ್ಟಿಯನ್ ಪಾಪ್ ಓಎಸ್ ಎಂಬ ಲಿನಕ್ಸ್‌ನಲ್ಲಿ ಆಟಗಳಿಗಾಗಿ ಸ್ಟೀಮ್ ಹಾಕಲು ಹೊರಟರು. ಪ್ಯಾಕೇಜುಗಳ ತಾಳಮೇಳ ತಪ್ಪಿತ್ತು. ಡೆಸ್ಕ್‌ಟಾಪನ್ನೇ ಕಿತ್ತುಹಾಕುವೆನೆಂದು ಆಪ್ಟ್ ಉದ್ದದ ಪಟ್ಟಿ ಕೊಟ್ಟು ಎಚ್ಚರಿಸಿತು; ‘ಎಸ್, ಡು ಆ್ಯಸ್ ಐ ಸೇ!’ ಎಂದು ಪೂರ್ತಿ ಟೈಪ್ ಮಾಡಿದರೆ ಮಾತ್ರ ಮುಂದುವರಿಯುವೆ ಎಂದಿತು. ಅವರು ಟೈಪ್ ಮಾಡಿದರು. ಉಳಿದದ್ದು ಕಪ್ಪು ಪರದೆ, ಬರೀ ಅಕ್ಷರ.

ಹಾಗಾದರೆ ಏನೇನು ತೆಗೆಯಬೇಕೆಂದು ತಿಳಿಯುವುದು ಹೇಗೆ? ಆಪ್ಟ್ ಲೆಕ್ಕ ಬರೆದಿಡುತ್ತದೆ. ಅದರ ‘ಹಿಸ್ಟರಿ ಲಾಗ್’ ಕಡತ ತೆರೆದರೆ ಕೆಡಿಇ ಹಾಕಿದ ದಿನ, ಕೊಟ್ಟ ಆದೇಶ, ಅದರ ಕೆಳಗೆ ಬಂದಿಳಿದ ಪ್ರತಿಯೊಂದು ಪ್ಯಾಕೇಜಿನ ಹೆಸರು ಸಾಲಾಗಿ ಸಿಗುತ್ತವೆ. ತೆಗೆಯಬೇಕಾದ್ದು ಆ ಸಾಲನ್ನು. ಆಮೇಲೆ ಬೇರೆ ಕೆಲಸಕ್ಕೆ ಬಳಸತೊಡಗಿದ್ದು ಏನಾದರೂ ಇದ್ದರೆ ಬಿಟ್ಟುಬಿಡಿ.

ಅದಕ್ಕೂ ಮೊದಲು ಲಾಗಿನ್ ಪರದೆ ಯಾರ ಕೈಯಲ್ಲಿದೆ ನೋಡಿ. ಗ್ನೋಮ್‌ನದು ಜಿಡಿಎಂ, ಕೆಡಿಇಯದು ಎಸ್‌ಡಿಡಿಎಂ. ಎಸ್‌ಡಿಡಿಎಂ ಕೆಲಸದಲ್ಲಿರುವಾಗಲೇ ಅದನ್ನು ಕಿತ್ತರೆ ಮುಂದಿನ ಸಲ ಯಂತ್ರ ಲಾಗಿನ್ ಪರದೆಯನ್ನೇ ತೋರಿಸದೆ ಇರಬಹುದು. ಜಿಡಿಎಂಗೆ ಮೊದಲು ಅಧಿಕಾರ ಒಪ್ಪಿಸಿ. ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಕೆಡಿಇ ಸೆಟ್ಟಿಂಗ್ ಕಡತಗಳನ್ನಂತೂ ಸಿಸ್ಟಂ ಸೆಟ್ಟಿಂಗ್‌ಗಳನ್ನೂ ಅಳಿಸುವ ‘ಪರ್ಜ್’ ಆದೇಶ ಕೂಡ ಮುಟ್ಟದು. ಅವು ಇದ್ದರೂ ತೊಂದರೆಯಿಲ್ಲ.

ನನ್ನ ಮಟ್ಟಿಗೆ, ಡಿಸ್ಕಿನಲ್ಲಿ ಜಾಗವಿದ್ದರೆ ಈ ಉಸಾಬರಿಯೇ ಬೇಡ. ಲಾಗಿನ್ ಆಗುವಾಗ ಬೇಕಾದ ಡೆಸ್ಕ್‌ಟಾಪ್ ಆರಿಸಿಕೊಂಡರೆ ಮುಗಿಯಿತು. ತೆಗೆಯಲೇಬೇಕೆಂದಿದ್ದರೆ, ಒಪ್ಪಿಗೆಯ ‘ವೈ’ ಒತ್ತುವ ಮುನ್ನ ಆಪ್ಟ್ ಕೊಡುವ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ಓದಿ.