ಖೆಡ್ಡಾಕ್ಕೆ ಬಿದ್ದ ಕುದುರೆ

ಚದುರಂಗ ಕಲಿಯುವ ಮಕ್ಕಳಿಗೆ ಬಲು ಬೇಗ ಅಂಟುವ ಗೀಳು ‘ಟ್ರ್ಯಾಪ್’ಗಳದ್ದು. ಎದುರಾಳಿಯನ್ನು ಹತ್ತು ನಡೆಯೊಳಗೆ ಖೆಡ್ಡಾಕ್ಕೆ ಕೆಡವುವ ಆಟಗಳನ್ನು ಬಾಯಿಪಾಠ ಮಾಡಿ, ಒಂದೆರಡು ಸಲ ಗೆದ್ದು ಬರುತ್ತಾರೆ. ತಂದೆ-ತಾಯಿಗೂ ಹಿಗ್ಗು. ಮೂರನೆಯ ಎದುರಾಳಿ ಬೀಳುವುದಿಲ್ಲ. ಆಗ ಮುಂದಿನ ನಡೆ ಏನೆಂದು ಮಗುವಿಗೆ ತಿಳಿಯುವುದಿಲ್ಲ.

ಹಾಗೆಂದು ಟ್ರ್ಯಾಪ್‌ಗಳೆಲ್ಲ ಕೆಟ್ಟವಲ್ಲ. ಎದುರಾಳಿ ತಪ್ಪದಿದ್ದರೆ ಒಡ್ಡಿದವನೇ ಹಿಂದೆ ಬೀಳುವಂಥವು ಕೆಲವು. ‘ಬ್ಲ್ಯಾಕ್‌ಬರ್ನ್ ಶಿಲ್ಲಿಂಗ್ ಗ್ಯಾಂಬಿಟ್’ ಆ ಜಾತಿಯದು. ಎದುರಾಳಿ ಬೀಳಲಿ ಬಿಡಲಿ, ಆಡಿದ ನಡೆಗಳೆಲ್ಲ ಒಳ್ಳೆಯವೇ ಆಗಿರುವಂಥವು ಇನ್ನು ಕೆಲವು. ಇವು ಕಲಿಯಲು ಯೋಗ್ಯ. ‘ಎಲಿಫೆಂಟ್ ಟ್ರ್ಯಾಪ್’ ಇವುಗಳಲ್ಲಿ ಒಂದು. ದಾಖಲೆಯಲ್ಲಿ ಸಿಗುವ ಇದರ ಮೊದಲ ಬಲಿ ಕಾರ್ಲ್ ಮಯೆಟ್. 1848ರಲ್ಲಿ ಬರ್ಲಿನ್‌ನಲ್ಲಿ, ಡೇನಿಯಲ್ ಹಾರ್‌ವಿಟ್ಸ್ ಎದುರು. ಹೆಸರಿನಲ್ಲಿ ಆನೆಯಿದ್ದರೂ ಬೋರ್ಡಿನ ಆನೆಗಳು ಮೂಲೆ ಬಿಟ್ಟು ಕದಲುವುದೇ ಇಲ್ಲ!

ಬೋರ್ಡು ಹರಡಿಕೊಂಡು ಆಡಿ ನೋಡಿ. 1. ಡಿ4 ಡಿ5; 2. ಸಿ4 ಇ6, 3. ಕುದುರೆ ಸಿ3, ಕುದುರೆ ಎಫ್6, 4. ಒಂಟೆ ಜಿ5. ಈಗ ಕಪ್ಪು ತನ್ನ ಇನ್ನೊಂದು ಕುದುರೆಯನ್ನು ಡಿ7ಕ್ಕೆ ತರುತ್ತದೆ. 5. ಬಿಳಿಯ ಸಿ ಕಾಲಾಳು ಡಿ5ರಲ್ಲಿ ಹೊಡೆದರೆ, ಕಪ್ಪು ಇ ಕಾಲಾಳಿನಿಂದ ತಿರುಗಿ ಹೊಡೆಯುತ್ತದೆ.

ಬಿಳಿಯ ಬಾಯಲ್ಲಿ ನೀರೂರುವುದು ಇಲ್ಲಿಯೇ. ಡಿ7ಕ್ಕೆ ಬಂದ ಕುದುರೆ ಕಪ್ಪು ಮಂತ್ರಿಯ ದಾರಿಗೆ ಅಡ್ಡ ನಿಂತಿದೆ. ಎಫ್6ರ ಕುದುರೆ ಕದಲಿದರೆ ಜಿ5ರ ಒಂಟೆ ಹಿಂದಿರುವ ಮಂತ್ರಿಯನ್ನೇ ನುಂಗುತ್ತದೆ. ಅಂದಮೇಲೆ ಡಿ5ರ ಕಾಲಾಳಿಗೆ ಕಾವಲಿಲ್ಲ. 6. ಬಿಳಿ ಕುದುರೆ ಅದನ್ನು ಹೊಡೆಯುತ್ತದೆ. ಕಟ್ಟಿಬಿದ್ದಂತೆ ಕಂಡ ಕಪ್ಪು ಕುದುರೆ ಹಾರಿ, ಅದೇ ಮನೆಯಲ್ಲಿ ಬಿಳಿ ಕುದುರೆಯನ್ನು ಹೊಡೆಯುತ್ತದೆ! 7. ಒಂಟೆ ಮಂತ್ರಿಯನ್ನು ಹೊಡೆಯಿತು. ಕಪ್ಪು ಒಂಟೆ ಬಿ4ಕ್ಕೆ ಬಂದು ಚೆಕ್.

ಬಿಳಿ ರಾಜನ ಸುತ್ತ ನೋಡಿ. ಓಡಲು ಒಂದೂ ಮನೆಯಿಲ್ಲ. 8. ಮಂತ್ರಿಯನ್ನು ಡಿ2ಕ್ಕೆ ಅಡ್ಡ ತರಲೇಬೇಕು. ಒಂಟೆ ಅದನ್ನು ಹೊಡೆದು ಮತ್ತೆ ಚೆಕ್; 9. ರಾಜ ಒಂಟೆಯನ್ನು ಹೊಡೆದರೆ ಕಪ್ಪು ರಾಜ ಡಿ8ರ ಒಂಟೆಯನ್ನು ಹೊಡೆಯುತ್ತದೆ. ಲೆಕ್ಕ ಹಾಕಿ: ಮಂತ್ರಿಗೆ ಮಂತ್ರಿ, ಒಂಟೆಗೆ ಒಂಟೆ ಸರಿಹೋಗಿ, ಬಿಳಿಗೆ ಹೆಚ್ಚಿಗೆ ದಕ್ಕಿದ್ದು ಒಂದು ಕಾಲಾಳು, ಕಳೆದದ್ದು ಒಂದು ಕುದುರೆ.

‘ಪಿನ್’ ಎನ್ನುವ ಈ ಕಟ್ಟಿನಲ್ಲಿ ಎರಡು ಬಗೆ ಇವೆ ಎಂಬುದು ಇಲ್ಲಿನ ಮೊದಲ ಪಾಠ. ಹಿಂದೆ ರಾಜನಿದ್ದರೆ ಕಾಯಿಯನ್ನು ಕದಲಿಸಲು ನಿಯಮವೇ ಬಿಡದು. ಹಿಂದೆ ಮಂತ್ರಿಯಿದ್ದರೆ ತಡೆಯುವುದು ಭಯ ಮಾತ್ರ. ಲೆಕ್ಕ ಸರಿಯಾದರೆ ಕದಲಿಸಬಹುದು.

ಎರಡನೆಯ ಪಾಠವನ್ನು ಬಾಯಿಪಾಠದವರು ಕಲಿಯುವುದೇ ಇಲ್ಲ. ಆರನೆಯ ನಡೆಯಲ್ಲಿ ಬಿಳಿ ಡಿ5ಕ್ಕೆ ಆಸೆಪಡದೆ ಇ3 ಆಡಿತೆನ್ನಿ. ‘ಇವನು ಹೇಗೂ ಹೊಡೆಯಲಾರ’ ಎಂದು ಕಪ್ಪು ಎ6ರಂಥ ಸುಮ್ಮನೆಯ ನಡೆ ಆಡಿದರೆ, ಈಗ ಡಿ5ರ ಕಾಲಾಳನ್ನು ನಿಜಕ್ಕೂ ಹೊಡೆಯಬಹುದು! ಕೊನೆಗೆ ಬಿ4ರಿಂದ ಚೆಕ್ ಬಂದಾಗ ರಾಜನಿಗೆ ಇ2 ಮನೆ ತೆರೆದಿರುತ್ತದೆ. ಕಪ್ಪು ಮಂತ್ರಿ ಹೋದದ್ದು ಹೋಯಿತು. ಬದಲಿಗೆ ಸಿಕ್ಕಿದ್ದು ಕುದುರೆ, ಒಂಟೆ ಮಾತ್ರ. ಇ3 ಬದಲು ಕುದುರೆಯನ್ನು ಎಫ್3ಗೆ ತಂದಿದ್ದರೂ ಅಷ್ಟೆ, ಚೆಕ್ಕಿಗೆ ಆ ಕುದುರೆ ಡಿ2ಕ್ಕೆ ಬಂದು ಅಡ್ಡ ನಿಲ್ಲುತ್ತದೆ. ಒಂದೇ ಒಂದು ನಡೆಯ ವ್ಯತ್ಯಾಸ!

ಆದ್ದರಿಂದ ಬಿಳಿ ಬೀಳದಿದ್ದರೆ ಕಪ್ಪು ಕೂಡಲೇ ಸಿ6 ಆಡಿ ಡಿ5ಕ್ಕೆ ಆಸರೆ ಕೊಡಬೇಕು, ಇಲ್ಲವೇ ಒಂಟೆಯನ್ನು ಇ7ಕ್ಕೆ ತಂದು ಕಟ್ಟು ಬಿಡಿಸಬೇಕು. ಎರಡೂ ಹೇಗಿದ್ದರೂ ಆಡಬೇಕಾದ ನಡೆಗಳೇ, ನಷ್ಟವೇನೂ ಇಲ್ಲ.

ಮನೆಯಲ್ಲಿ ಮಗು ಈ ಟ್ರ್ಯಾಪ್ ತೋರಿಸಿದರೆ ಪಾಲಕರು ಬಿಳಿ ಕುದುರೆಯೊಂದನ್ನು ಎಫ್3ರಲ್ಲಿಟ್ಟು ‘ಈಗಲೂ ಆಗುತ್ತದೆಯೇ?’ ಎಂದು ಕೇಳಲಿ. ಚದುರಂಗ ಬಾರದವರೂ ಕೇಳಬಹುದಾದ ಪ್ರಶ್ನೆ ಇದು.