ಹಸಿರಿನ ಮೇಲೆ ಕೆಂಪು ಎಳೆದಾಗ

ಹಸಿರು ಪಟ್ಟಿ ಒಂದು ಎಳೆದೆ. ಅದರ ಮೇಲೆ ಅಡ್ಡಡ್ಡ ಕೆಂಪು ಪಟ್ಟಿ. ಎರಡೂ ಕೂಡಿದ ಕಡೆ ಬೇರೆಯೇ ಬಣ್ಣ ಮೂಡಿತು: ಟ್ರಾನ್ಸಿಸ್ಟರ್! ರಾತ್ರಿ ಹನ್ನೊಂದಕ್ಕೆ, ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ, ನಯಾಪೈಸೆ ಖರ್ಚಿಲ್ಲದೆ! ಮನೆಯವರನ್ನು ಎಬ್ಬಿಸಿ ತೋರಿಸಿದೆ, ಬೈಸಿಕೊಂಡೆ.

ಚಿಪ್‌ನ ನಕ್ಷೆ ಬಿಡಿಸುವ ಈ ಟೂಲ್‌ನ ಹೆಸರೇ ಮ್ಯಾಜಿಕ್. 1980ರ ದಶಕದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜಾನ್ ಓಸ್ಟರ್‌ಹೌಟ್ ತಮ್ಮ ವಿದ್ಯಾರ್ಥಿಗಳ ಜೊತೆ ಬರೆದದ್ದು. ನಾವು ಗೆರೆ ಎಳೆಯುತ್ತಿದ್ದಂತೆಯೇ ತಪ್ಪು ಹಿಡಿಯುತ್ತದೆ! ಮೊದಲ ಪದರದ ಎರಡು ಲೋಹದ ಗೆರೆಗಳನ್ನು 0.14 ಮೈಕ್ರಾನಿಗಿಂತ ಹತ್ತಿರ ತಂದೆನೋ ಇಲ್ಲವೋ, ನಡುವೆ ಬಿಳಿ ಚುಕ್ಕೆಗಳು. ಒಂದು ಕೂದಲೆಳೆ ಸರಿಸಿದೆ, ಚುಕ್ಕೆ ಮಾಯ. ಕೂದಲೆಳೆ ಅಂದೆನೇ? ಕೂದಲಿನ ದಪ್ಪದಲ್ಲಿ ಇಂಥ ನೂರಾರು ಸಂದು ಹಿಡಿಸುತ್ತವೆ!

ಆ 0.14 ಅಮೆರಿಕದ ಸ್ಕೈವಾಟರ್ ಎಂಬ ಫ್ಯಾಬ್‌ನ, ಅಂದರೆ ಚಿಪ್ ತಯಾರಿಸುವ ಕಾರ್ಖಾನೆಯ, ನಿಯಮ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕದವರಿಗೆ ಫ್ಯಾಬ್‌ಗಳು ಸಾಮಾನ್ಯವಾಗಿ ಇಂಥದ್ದನ್ನು ತೋರಿಸುವುದಿಲ್ಲ. ಆದರೆ 2020ರಲ್ಲಿ ಗೂಗಲ್ ಜೊತೆಗೂಡಿ ಸ್ಕೈವಾಟರ್ ತನ್ನ 130 ನ್ಯಾನೋಮೀಟರ್ ಪಿಡಿಕೆಯನ್ನು, ಅಂದರೆ ಇಂಥ ನಿಯಮಗಳೆಲ್ಲ ಇರುವ ವಿನ್ಯಾಸದ ಕಟ್ಟನ್ನು, ಜಗತ್ತಿಗೇ ಬಿಟ್ಟುಕೊಟ್ಟಿತು. ಉಳಿದ ಕೆಲಸಕ್ಕೂ ಉಚಿತ ಟೂಲ್‌ಗಳಿವೆ: ಚಿಪ್ ಏನು ಮಾಡಬೇಕೆಂದು ವೆರಿಲಾಗ್ ಭಾಷೆಯಲ್ಲಿ ಬರೆದುಕೊಟ್ಟರೆ ಯೋಸಿಸ್ ಗೇಟುಗಳನ್ನು ಮಾಡಿಕೊಡುತ್ತದೆ, ಓಪನ್‌ರೋಡ್ ಅವನ್ನು ಕೂರಿಸಿ ತಂತಿ ಎಳೆಯುತ್ತದೆ, ಕೆಲೇಔಟ್‌ನಲ್ಲಿ ತೆರೆದು ಬೆರಗಾಗಬಹುದು. ಒಟ್ಟು ಬೆಲೆ? ಸೊನ್ನೆ!

ಇನ್ನು ಕಂಪನಿಗಳು ಬಳಸುವ ಸಿನಾಪ್ಸಿಸ್, ಕೇಡೆನ್ಸ್, ಸೀಮೆನ್ಸ್ ಟೂಲ್‌ಗಳ ಬೆಲೆ ಎಲ್ಲೂ ಅಚ್ಚಾಗಿರುವುದಿಲ್ಲ. ಗಿರಾಕಿಗೊಂದು ಕೊಟೇಶನ್. ನಾನು ಹಿಂದೆ ಕೆಲಸ ಮಾಡಿದ ಬೆಂಗಳೂರಿನ ಆಫೀಸಿನಲ್ಲಿ ಮಧ್ಯಾಹ್ನವಾದರೆ ಒಂದೇ ಕೂಗು: "ಯಾರಪ್ಪಾ ಲೈಸೆನ್ಸ್ ಹಿಡ್ಕೊಂಡು ಊಟಕ್ಕೆ ಹೋಗಿರೋದು?" ಹಾಗಂತ ಆ ದುಡ್ಡು ದಂಡ ಅನ್ನಲಾರೆ. 3 ನ್ಯಾನೋಮೀಟರ್‌ನಲ್ಲಿ ನಿಯಮಗಳೇ ಸಾವಿರಾರು. ಅವನ್ನು ತಪಾಸಣೆ ಮಾಡುವ ಫೈಲುಗಳನ್ನು ಫ್ಯಾಬ್ ಬರೆದುಕೊಡುವುದೂ ಈ ದುಬಾರಿ ಟೂಲ್‌ಗಳಿಗೇ. ಸೈನ್‌ಆಫ್ ಎಂಬ ಆ ಮೊಹರಿಲ್ಲದೆ ಚಿಪ್ ಮುಂದೆ ಹೋಗುವುದಿಲ್ಲ, ನನ್ನ ಮ್ಯಾಜಿಕ್‌ಗೆ ಅಲ್ಲಿ ಪ್ರವೇಶವೂ ಇಲ್ಲ.

ಆದರೆ ನಿಜಕ್ಕೂ ಮೈ ಜುಮ್ಮೆಂದದ್ದು ಆಮೇಲೆ. ಆ ಕೋಟಿ ಬೆಲೆಯ ಟೂಲ್‌ಗಳಿಗೆ ನಾವು ದಿನವಿಡೀ ಅಪ್ಪಣೆ ಕೊಡುತ್ತಿದ್ದದ್ದು ಟಿಸಿಎಲ್ ಎಂಬ ಭಾಷೆಯಲ್ಲಿ, ನಮ್ಮ ಬಾಯಲ್ಲಿ 'ಟಿಕಲ್'. ಅದು 1988ರಲ್ಲಿ ಬರ್ಕ್ಲಿಯಲ್ಲೇ ಹುಟ್ಟಿತು. ಹುಟ್ಟಿಸಿದವರು? ಅದೇ ಓಸ್ಟರ್‌ಹೌಟ್!

ಹಳೇ ಆಫೀಸಿನ ಫಾರ್‌ಈಚ್ ಲೂಪ್ ಒಂದನ್ನು ನೆನಪಿನಿಂದಲೇ ಮ್ಯಾಜಿಕ್‌ನ ಕಿಟಕಿಯಲ್ಲಿ ಬರೆದು ಎಂಟರ್ ಒತ್ತಿದೆ. ಓಡಿತು!